ಅಕ್ಕನಾಗಮ್ಮನ ಮೊಣಕಾಲು

ಉಳವಿ ಜಾತ್ರೆ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಮೊದಲು ಮಾತಿಗೆ ಬರುತ್ತಿದ್ದುದು ಚನ್ನಬಸವಣ್ಣನಲ್ಲ, ನಮ್ಮ ಅತ್ತೆಯವರ ಮೊಣಕಾಲು. ಸಂಕ್ರಾಂತಿಯ ಎಳ್ಳು-ಬೆಲ್ಲ ಹಂಚಿ ಮುಗಿಯುವುದೇ ತಡ, ಔಡಲ ಎಣ್ಣೆಯ ಬಟ್ಟಲು ಒಲೆಯ ಬದಿಗೆ ಬಂದು ಕೂಡುತ್ತಿತ್ತು. ಹಿತ್ತಿಲಿನ ಲಕ್ಕಿಯ ತಪ್ಪಲು ಕುದಿಸಿದ ವಾಸನೆ ಪಡಸಾಲೆಯವರೆಗೂ ಹರಡುತ್ತಿತ್ತು. ಮಾವನವರು ಪ್ರತಿ ವರ್ಷವೂ ಅದೇ ಮಾತು ಹೇಳುವರು: "ಈ ಸಲ ಹೋಗೂದು ಬ್ಯಾಡ ಬಿಡು, ಕಾಲು ಕೇಳಂಗಿಲ್ಲ." ಅತ್ತೆಯವರೂ ಪ್ರತಿ ವರ್ಷ ಅದೇ ಉತ್ತರ ಕೊಡುವರು: "ಕಾಲ ಕೇಳಿ ಯಾರರ ಉಳವಿಗೆ ಹೋಗ್ಯಾರೇನು?"

ಹೋಗುತ್ತಿದ್ದರು. ಧಾರವಾಡದಿಂದ ಹಳಿಯಾಳ, ದಾಂಡೇಲಿ ದಾಟಿ ಜೋಯಿಡಾ ತಾಲೂಕಿನ ಕಾಡಿನೊಳಗಿನ ಉಳವಿಗೆ ನೂರು ಕಿಲೋಮೀಟರಿಗೂ ಮೇಲೆ. ಚಕ್ಕಡಿ ಜೊತೆಗಿರುತ್ತಿತ್ತು. ಆದರೆ ಚಕ್ಕಡಿ ಏರಿದರೆ ಹರಕೆ ಸಲ್ಲುವುದಿಲ್ಲವೆಂದು ಅವರು ಅದರ ಹಿಂದೆ ಮರದ ಪಟ್ಟಿ ಹಿಡಿದು, ಬಲಕ್ಕೊಮ್ಮೆ ಎಡಕ್ಕೊಮ್ಮೆ ವಾಲುತ್ತ ನಡೆಯುತ್ತಿದ್ದರು. ಭಾರತ ಹುಣ್ಣಿಮೆಯ ತೇರು ಮುಗಿಸಿ ಬಂದ ಮೇಲೆ ಹದಿನೈದು ದಿನ ಹಾಸಿಗೆ. ಆ ಹದಿನೈದು ದಿನ ರೊಟ್ಟಿ ಬಡಿಯುವುದರಿಂದ ಹಿಡಿದು ಎಮ್ಮೆಯ ಕೆಲಸದವರೆಗೆ ಎಲ್ಲ ನನ್ನ ಪಾಲಿಗೆ ಬರುತ್ತಿದ್ದುದರಿಂದ, ಆಗ ನನಗೆ ಚನ್ನಬಸವಣ್ಣನ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಹಳಿಯಾಳದಲ್ಲಿ. ಚಿಕ್ಕವಳಿದ್ದಾಗ ಉಳವಿ ಚಕ್ಕಡಿಗಳು ಊರು ಹಾಯ್ದು ಹೋಗುವುದನ್ನು ನೋಡಲು ರಸ್ತೆಯ ಬದಿಗೆ ನಿಲ್ಲುತ್ತಿದ್ದೆವು. ರಾತ್ರಿಯೆಲ್ಲ ಗೆಜ್ಜೆಯ ಸಪ್ಪಳ. ಒಂದರ ಹಿಂದೊಂದು ಕೊಲ್ಲಾರಿ ಬಂಡಿ, ಒಳಗೆ ಕಂದೀಲು, ಮಲಗಿದ ಮಕ್ಕಳು, ಮಾದಲಿಯ ಡಬ್ಬಿ, ಕಟಕ ರೊಟ್ಟಿಯ ಗಂಟು. ನೋಡುವವರೆಲ್ಲ ಎತ್ತುಗಳನ್ನು ನೋಡುತ್ತಿದ್ದರು: ಯಾರ ಜೋಡಿ ಚಲೋ, ಯಾರ ಕೋಡಿಗೆ ಬಣ್ಣ ಚಲೋ. ಬಂಡಿಯ ಹಿಂದೆ ಧೂಳಿನಲ್ಲಿ ಕುಂಟುತ್ತ ಬರುತ್ತಿದ್ದ ಮುದುಕಿಯರನ್ನು ನಾನೂ ನೋಡಲಿಲ್ಲ. ಅವರು ಕಣ್ಣಿಗೆ ಬಿದ್ದದ್ದು ನನ್ನವೇ ಮೊಣಕಾಲುಗಳು ಕರಕರ ಎನ್ನತೊಡಗಿದ ಮೇಲೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು ನಾನು. ಕಲ್ಯಾಣದ ಪಾಠ ಬಾಯಿಪಾಠವಾಗಿತ್ತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ, ಅದಕ್ಕೆ ಎಳೆಹೂಟೆಯ ಶಿಕ್ಷೆ, ಬಿಜ್ಜಳನ ಕೊಲೆ, ಶರಣರು ಚದುರಿದ್ದು. ಒಂದು ಗುಂಪು ಚನ್ನಬಸವಣ್ಣನ ಮುಂದಾಳುತನದಲ್ಲಿ ವಚನಗಳ ಕಟ್ಟುಗಳನ್ನು ಹೊತ್ತು ಉಳವಿಗೆ ಬಂತು. ಇಷ್ಟನ್ನು ಹೇಳಿ ಕರಿಹಲಗೆಯ ಮೇಲೆ 1167-68 ಎಂದು ಬರೆದರೆ ಅಂದಿನ ಗಂಟೆ ಮುಗಿಯುತ್ತಿತ್ತು. "ಬಂತು" ಎಂಬ ಆ ಒಂದು ಕ್ರಿಯಾಪದದೊಳಗೆ ಎಷ್ಟು ಹೆಜ್ಜೆಗಳಿವೆ ಎಂದು ನಾನೂ ಕೇಳಲಿಲ್ಲ, ಯಾವ ಹುಡುಗಿಯೂ ಕೇಳಲಿಲ್ಲ.

ಈಗ ಕೇಳಿಕೊಳ್ಳುತ್ತೇನೆ. ಬಸವಕಲ್ಯಾಣದಿಂದ ಉಳವಿ, ಹಕ್ಕಿ ಹಾರಿದ ಹಾಗೆ ಅಳೆದರೂ ನಾನೂರು ಕಿಲೋಮೀಟರು. ಹೊಳೆ ಸುತ್ತಿ, ಊರು ತಪ್ಪಿಸಿ ನಡೆದರೆ ಐನೂರಕ್ಕೆ ಕಡಿಮೆಯಿಲ್ಲ. ಒಂದು ಕಿಲೋಮೀಟರಿಗೆ ನಮ್ಮಂಥವರ ಹೆಜ್ಜೆ ಸುಮಾರು ಸಾವಿರದ ಐನೂರು. ಅಲ್ಲಿಗೆ ಏಳೂವರೆ ಲಕ್ಷ ಹೆಜ್ಜೆ. ಆ ಗುಂಪಿನಲ್ಲಿ ಖಡ್ಗ ಹಿಡಿದ ತರುಣರಷ್ಟೇ ಇರಲಿಲ್ಲ. ಬಸವಣ್ಣನ ಅಕ್ಕ, ಚನ್ನಬಸವಣ್ಣನ ತಾಯಿ, ಅಕ್ಕನಾಗಮ್ಮ ಇದ್ದಳು.

ಅವಳಿಗಾಗ ಎಷ್ಟು ವಯಸ್ಸು? ಇದು ಇತಿಹಾಸದ ಲೆಕ್ಕ, ಹೆಣ್ಣುಮಕ್ಕಳೇ ಮಾಡಬೇಕಾದ ಲೆಕ್ಕ. ಬಸವಣ್ಣ ಹುಟ್ಟಿದ್ದು 1105 ಎನ್ನುವ ವಿದ್ವಾಂಸರಿದ್ದಾರೆ, 1131 ಎನ್ನುವವರಿದ್ದಾರೆ, ಇನ್ನೂ ಒಂದೆರಡು ವರ್ಷ ಆಚೀಚೆ ಮಾಡುವವರೂ ಇದ್ದಾರೆ. ಚನ್ನಬಸವಣ್ಣ ಬದುಕಿದ್ದು ಇಪ್ಪತ್ನಾಲ್ಕೇ ವರ್ಷ ಎಂಬುದು ಸಂಪ್ರದಾಯದ ಮಾತು. ಅಂದರೆ ಅವನು ಹುಟ್ಟಿದ್ದು 1144ರ ಸುಮಾರಿಗೆ. 1131ರ ಲೆಕ್ಕ ಹಿಡಿದರೆ ಅಕ್ಕನಾಗಮ್ಮ ಹದಿನಾರು ಹದಿನೇಳಕ್ಕೆ ತಾಯಿಯಾದಳು, ಕಲ್ಯಾಣ ಬಿಟ್ಟಾಗ ನಾಲ್ವತ್ತು ದಾಟಿತ್ತು. 1105ರ ಲೆಕ್ಕ ಹಿಡಿದರೆ ನಾಲ್ವತ್ತರ ಹೊತ್ತಿಗೆ ಹಡೆದಳು, ಕಲ್ಯಾಣ ಬಿಟ್ಟಾಗ ಅರವತ್ತು ದಾಟಿತ್ತು. ಪಂಡಿತರು ಶಾಸನ, ಪುರಾಣ ಹಿಡಿದು ವಾದ ಮಾಡಲಿ. ನನ್ನ ಮಟ್ಟಿಗೆ ಎರಡೂ ಲೆಕ್ಕದಲ್ಲಿ ಅವಳ ಮೊಣಕಾಲು ಹೊಸದಾಗಿರಲಿಲ್ಲ. ಬೀಸುವ ಕಲ್ಲಿನ ಮುಂದೆ ಕಾಲು ಮಡಿಚಿ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ತಲೆಯ ಮೇಲೆ ಕೊಡ ಹೊತ್ತು ಕಳೆದ ನಾಲ್ವತ್ತು ವರ್ಷ ಎಂದರೇನೆಂದು ನಿಮಗೆ ಹೇಳಬೇಕಾಗಿಲ್ಲ. ಮಹಾಮನೆಯ ದಾಸೋಹ ಎಂದು ನಾವು ಕೊಂಡಾಡುತ್ತೇವಲ್ಲ, ಆ ದಾಸೋಹಕ್ಕೆ ನೀರು ಹೊತ್ತವರ ಮೊಣಕಾಲಿನ ಬಗ್ಗೆ ಯಾವ ಪುರಾಣವೂ ಬರೆದಿಲ್ಲ.

ಶರಣರ ದಾರಿಯನ್ನು ಜನ ಇಂದಿಗೂ ಊರೂರಿನ ಗುರುತಿನಿಂದ ಹೇಳುತ್ತಾರೆ. ಮಲಪ್ರಭೆಯ ಮುಗುಟಖಾನ ಹುಬ್ಬಳ್ಳಿ, ಅಲ್ಲಿ ಹೊಳೆಯ ನಡುವೆ ಗಂಗಾಂಬಿಕೆಯ ಐಕ್ಯಸ್ಥಳ. ಕಿತ್ತೂರಿನ ಹತ್ತಿರದ ಕಾದರೊಳ್ಳಿ, ಅಲ್ಲಿ ಬೆನ್ನಟ್ಟಿ ಬಂದ ಸೈನ್ಯದೊಂದಿಗೆ ಕಾಳಗ. ಖಾನಾಪುರ ತಾಲೂಕಿನ ಕಕ್ಕೇರಿ, ಅಲ್ಲಿ ಡೋಹರ ಕಕ್ಕಯ್ಯನ ನೆನಪು. ಆಮೇಲೆ ಕಾಡು. ಈ ಗುರುತುಗಳನ್ನು ಸಾಲಾಗಿ ಇಟ್ಟು ನೋಡಿದರೆ ನನಗೆ ಕಾಣುವುದು ಒಂದು ನಿಧಾನವಾದ ಗುಂಪು. ಹಿಂದೆ ಕುದುರೆಯ ಪಡೆ, ಮುಂದೆ ಕಾಲ್ನಡಿಗೆಯ ಜನ, ತಲೆಯ ಮೇಲೆ ತಾಡವೋಲೆಯ ಭಾರ. ಗುಂಪಿನ ವೇಗ ಎಂದರೆ ಮುಂದಾಳಿನ ವೇಗವಲ್ಲ. ಕಟ್ಟಕಡೆಗೆ ಬರುವವಳ ವೇಗ. ಚನ್ನಬಸವಣ್ಣ ಒಬ್ಬನೇ ಆಗಿದ್ದರೆ ಹತ್ತು ಹನ್ನೆರಡು ದಿನದಲ್ಲಿ ಉಳವಿ ಮುಟ್ಟುತ್ತಿದ್ದನೇನೋ. ತಾಯಿ ಜೊತೆಗಿದ್ದಳು. ಕಾಯಬೇಕಾಯಿತು, ಕಾಯುವಲ್ಲೆಲ್ಲ ಕಾದಾಡಬೇಕಾಯಿತು.

ಹಾಗಿದ್ದರೆ ಉಳವಿಯೇ ಏಕೆ? ಅಡಗಲು ಗವಿಗಳಿವೆ, ದಟ್ಟ ಕಾಡಿದೆ ಎಂದು ನಾನು ಪಾಠ ಹೇಳುತ್ತಿದ್ದೆ. ಅದು ಸರಿಯೇ. ಆದರೆ ಬಯಲುಸೀಮೆಯ ಎರೆಹೊಲದಲ್ಲಿ ಕುದುರೆ ಓಡುತ್ತದೆ, ಜೋಯಿಡಾದ ಘಟ್ಟದಲ್ಲಿ ಕುದುರೆಯೂ ನಡೆಯಬೇಕು. ಬಿದಿರುಮೆಳೆ, ಜಾರುವ ಜಂಬಿಟ್ಟಿಗೆ ಮಣ್ಣು, ಹೆಜ್ಜೆಗೊಂದು ಹಳ್ಳ. ಅಲ್ಲಿ ಬಲ್ಲವನೂ ನಿಧಾನ, ಬಲವಂತನೂ ನಿಧಾನ. ಮೊಣಕಾಲು ಸೋತವರನ್ನು ಕಟ್ಟಿಕೊಂಡ ಗುಂಪಿಗೆ ಅಂಥ ನೆಲವೇ ಕೋಟೆ. ಇದು ನನ್ನ ಊಹೆ, ನಡೆದು ನೋಡಿದ ಮೇಲಿನ ಊಹೆ.

ಇನ್ನೂ ಒಂದು ಮಾತು. ಚನ್ನಬಸವಣ್ಣನ ದಾರಿ ಉಳವಿಯಲ್ಲಿ ಮುಗಿಯಿತು. ಅಕ್ಕನಾಗಮ್ಮನದು ಮುಗಿಯಲಿಲ್ಲ. ಮಗನ ಐಕ್ಯದ ನಂತರ ಅವಳು ತೆಂಕಣಕ್ಕೆ ಹೊರಟು, ತರೀಕೆರೆಯ ಸೀಮೆಯಲ್ಲಿ ಐಕ್ಯಳಾದಳೆಂದು ಹೇಳುತ್ತಾರೆ. ಅದು ಮತ್ತೆ ಇನ್ನೂರು ಕಿಲೋಮೀಟರಿಗೂ ಮೇಲೆ, ಮಲೆನಾಡಿನ ಏರಿಳಿವು. ಮಗನಿಗೆ ವರ್ಷವರ್ಷವೂ ತೇರು. ತಾಯಿಗೆ ಉಳವಿಯ ಕಾಡಿನಲ್ಲಿ ಅವಳ ಹೆಸರಿನ ಒಂದು ಗವಿ. ಎಲ್ಲರಿಗಿಂತ ಹೆಚ್ಚು ನಡೆದವಳು ಅವಳು.

ಮೊಣಕಾಲು ಸವೆಯುವುದೆಂದರೆ ಏನೆಂದು ನನಗೆ ಅರ್ಥವಾದದ್ದು ಡಾಕ್ಟರರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದಾಗ. ತೊಡೆಯ ಎಲುಬು, ಕೆಳಗಾಲಿನ ಎಲುಬು ಸೇರುವಲ್ಲಿ ಎರಡಕ್ಕೂ ನುಣುಪಾದ ಒಂದು ಪದರಿರುತ್ತದೆ, ಎಳೆಯ ತೆಂಗಿನ ಕೊಬ್ಬರಿಯ ಹಾಗೆ. ಅದು ಸವೆದರೆ ಮತ್ತೆ ಹುಟ್ಟುವುದಿಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಒಳಬದಿ ಮೊದಲು ಸವೆದು, ಕಾಲು ಬಿಲ್ಲಿನಂತೆ ಬಾಗುತ್ತದೆ. ಅತ್ತೆಯವರ ವಾಲಾಟದ ಕಾರಣ ಅದೇ. ಬರ್ಲಿನ್ನಿನ ಸಂಶೋಧಕರು ಕೃತಕ ಮೊಣಕಾಲಿನೊಳಗೇ ಅಳೆಯುವ ಉಪಕರಣ ಇಟ್ಟು ನೋಡಿದ್ದಾರೆ: ಸಪಾಟು ನೆಲದಲ್ಲಿ ನಡೆಯುವಾಗ ಮೈತೂಕದ ಎರಡೂವರೆ ಪಟ್ಟು ಭಾರ ಮೊಣಕಾಲಿನ ಮೇಲೆ ಬೀಳುತ್ತದೆ, ಮೆಟ್ಟಿಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಅರವತ್ತು ಕಿಲೋ ತೂಕದವಳಿಗೆ ಒಂದೊಂದು ಮೆಟ್ಟಿಲಿಗೂ ಎರಡು ಕ್ವಿಂಟಲ್. ಏರುವುದು ಕಷ್ಟ, ಇಳಿಯುವುದು ಸುಲಭ ಎಂದು ಗಂಡಸರು ಹೇಳುತ್ತಾರೆ. "ಏರ ಏರಬಹುದು, ಇಳಕಲ ಜೀವಾ ತಿಂತೈತಿ" ಎಂದು ಅತ್ತೆಯವರು ಬರ್ಲಿನ್ನಿಗಿಂತ ಮೊದಲೇ ಹೇಳಿದ್ದರು.

ಸವೆದದ್ದನ್ನು ತೆಗೆದು ಬೇರೆ ಕೂಡಿಸುವ ಯೋಚನೆ ಕೂಡ ಬರ್ಲಿನ್ನಿನದೇ. ಥೆಮಿಸ್ಟೋಕ್ಲಿಸ್ ಗ್ಲುಕ್ ಎಂಬ ಶಸ್ತ್ರವೈದ್ಯ 1890ರಲ್ಲಿ, ಕ್ಷಯದಿಂದ ಕೆಟ್ಟ ಮೊಣಕಾಲಿನ ಹದಿನೇಳರ ಹುಡುಗಿಯೊಬ್ಬಳಿಗೆ ಆನೆಯ ದಂತದಿಂದ ಮಾಡಿದ ಕೀಲನ್ನು ಜೋಡಿಸಿದ. ಬಾಗಿಲಿನ ತಿರುಗಣಿಯಂಥ ಕೀಲು. ಅಂಥ ಕೀಲುಗಳು ಸೋಂಕಿನಿಂದಾಗಿ ಬಹುಕಾಲ ಉಳಿಯಲಿಲ್ಲ. ಆನೆ ಓಡಾಡುವ ಕಾಡಿನ ಪಕ್ಕದವಳಾದ ನನಗೆ ಆ ಹುಡುಗಿಯ ನೆನಪು ಮತ್ತೆ ಮತ್ತೆ ಬರುತ್ತದೆ, ಆನೆಯದೂ ಬರುತ್ತದೆ. ಇಂದು ನಮ್ಮ ಕಾಲಿಗೆ ಹಾಕುವ ರೀತಿಯ ಮೊಣಕಾಲು, ಎಂದರೆ ತೊಡೆಯ ಎಲುಬಿಗೆ ಲೋಹದ ಟೊಪ್ಪಿಗೆ, ಕೆಳಗೆ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆ, ರೂಪುಗೊಂಡು ಬಳಕೆಗೆ ಬಂದದ್ದು 1974ರಲ್ಲಿ, ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿ ಎಂಬಲ್ಲಿ. ಅದನ್ನು ರೂಪಿಸಿದವರಲ್ಲಿ ಭಾರತದಲ್ಲಿ ಹುಟ್ಟಿದ ಚಿತ್ತರಂಜನ್ ರಾಣಾವತ್ ಒಬ್ಬರು. 2000ದ ಅಕ್ಟೋಬರಿನಲ್ಲಿ ಪ್ರಧಾನಿ ವಾಜಪೇಯಿಯವರ ಎಡ ಮೊಣಕಾಲನ್ನು, ಮರುವರ್ಷ ಜೂನಿನಲ್ಲಿ ಬಲದ್ದನ್ನು ಮುಂಬಯಿಯಲ್ಲಿ ಬದಲಿಸಿದವರು ಅವರೇ. ಅಲ್ಲಿಯವರೆಗೆ ನಮ್ಮ ಊರುಗಳಲ್ಲಿ ಮೊಣಕಾಲು ಬದಲಿಸಬಹುದೆಂದು ಯಾರು ಬಲ್ಲರು? ಅತ್ತೆಯವರು ಪೇಪರಿನಲ್ಲಿಯ ಫೋಟೋ ನೋಡಿ, "ಅವರಿಗೆ ದೇಶ ನಡಸೂದೈತಿ, ನನಗೇನೈತಿ" ಎಂದು ಮಡಚಿಟ್ಟರು. ನಾವೂ ಮುಂದೆ ಮಾತೆತ್ತಲಿಲ್ಲ. ದುಡ್ಡಿನ ಮಾತು ಎಂದುಕೊಂಡೆವು. ಮನೆಗೆ ಮೋಟರ್‌ಸೈಕಲ್ಲು ಬಂದದ್ದು ಅದೇ ವರ್ಷ ಎಂಬುದು ಈಗ ಚುಚ್ಚುತ್ತದೆ.

ಉಳವಿಯ ದಾರಿ ಬಿಟ್ಟು ಒಂದಿಷ್ಟು ಮುಂಡಗೋಡದ ಕಡೆ ಬರುತ್ತೇನೆ. ಅದೂ ಉತ್ತರ ಕನ್ನಡದ್ದೇ ತಾಲೂಕು, ಅಲ್ಲಿಯೂ ಇನ್ನೊಂದು ಜನ ನಡೆದು ಬಂದು ನೆಲೆಸಿದೆ. 1959ರಲ್ಲಿ ಟಿಬೆಟ್ಟಿನಿಂದ ಹಿಮಾಲಯ ದಾಟಿ ಬಂದವರಿಗೆ 1966ರಲ್ಲಿ ಕಾಡು ಕಡಿದು ಕೊಟ್ಟ ನೆಲ ಅದು. ಡ್ರೆಪುಂಗ್, ಗಾಂಡೆನ್ ಎಂಬ ಅವರ ದೊಡ್ಡ ಮಠಗಳು ಅಲ್ಲಿ ಮತ್ತೆ ಎದ್ದುನಿಂತವು. ಶಾಲೆಯ ಹುಡುಗಿಯರನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ನಾನು ಚಿನ್ನದ ಬಣ್ಣದ ಬುದ್ಧನಿಗಿಂತ ಹೆಚ್ಚು ನೋಡಿದ್ದು ಹೊರಗೆ ಪ್ರದಕ್ಷಿಣೆ ಹಾಕುತ್ತಿದ್ದ ಅಜ್ಜಿಯರನ್ನು. ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದರಲ್ಲಿ ಕೋಲು, ಬಲಕ್ಕೊಮ್ಮೆ ಎಡಕ್ಕೊಮ್ಮೆ ವಾಲಾಟ. ಥೇಟ್ ನಮ್ಮ ಅತ್ತೆ. ಭಾಷೆ ಬಾರದು. ಒಬ್ಬಾಕೆಯ ಮೊಣಕಾಲು ತೋರಿಸಿ ನೋವೇ ಎಂದು ಕೈಸನ್ನೆ ಮಾಡಿದೆ. ಆಕೆ ನಕ್ಕು, ಎರಡೂ ಅಂಗೈಗಳನ್ನು ಮೇಲೆ ಕೆಳಗೆ ಮಾಡಿ ಬೆಟ್ಟ ತೋರಿಸಿದಳು. ಬೆಟ್ಟ, ಬೆಟ್ಟ, ಇನ್ನೊಂದು ಬೆಟ್ಟ.

ಅದೇ 1959ರ ಮಾರ್ಚಿನಲ್ಲಿ ಆ ಬೆಟ್ಟಗಳನ್ನು ದಾಟಿ ಬಂದ ದಲಾಯಿ ಲಾಮಾ ಅವರಿಗೆ 2024ರ ಜೂನ್ 28ರಂದು, ಎಂಬತ್ತೆಂಟರ ವಯಸ್ಸಿನಲ್ಲಿ, ಮೊಣಕಾಲು ಬದಲಿಯ ಶಸ್ತ್ರಕ್ರಿಯೆಯಾಯಿತು, ನ್ಯೂಯಾರ್ಕಿನ ಅದೇ ಆಸ್ಪತ್ರೆಯಲ್ಲಿ. ಸುದ್ದಿ ಓದಿದಾಗ ನನಗೆ ನೆನಪಾದವಳು ಮುಂಡಗೋಡದ ಆ ಅಜ್ಜಿ. ಅವಳೂ ಅವೇ ಬೆಟ್ಟಗಳನ್ನು ದಾಟಿದವಳು.

ನನ್ನ ಬಲಗಾಲಿನ ಆಪರೇಶನ್ ಆದದ್ದು 2018ರಲ್ಲಿ, ಎಡದ್ದು ಮರುವರ್ಷ. 2017ರ ಆಗಸ್ಟಿನಲ್ಲಿ ಸರಕಾರ ಕೃತಕ ಮೊಣಕಾಲಿನ ಬೆಲೆಗೆ ಕಟ್ಟು ಹಾಕಿತ್ತು. ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಲೋಹದ್ದಕ್ಕೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ನಿಗದಿಯಾಯಿತು. ಅದಕ್ಕೆ ಮೊದಲು ಒಂದೂವರೆ ಲಕ್ಷ ದಾಟಿತ್ತು. ಆಸ್ಪತ್ರೆಯ ಖರ್ಚು ಬೇರೆ, ಆದರೂ ನನ್ನಂಥ ಪೆನ್ಶನ್ನಿನವಳಿಗೆ ಧೈರ್ಯ ಬಂತು. ಅತ್ತೆಯವರು ಆಗ ಇರಲಿಲ್ಲ.

ಆಪರೇಶನ್ನಿನ ನಂತರ ಡಾಕ್ಟರರು ಹೇಳಿದ್ದು: ಕುಕ್ಕರಗಾಲು ಬೇಡ, ಚಕ್ಕಂಬಕ್ಕಳ ಹಾಕಿ ನೆಲಕ್ಕೆ ಕೂಡುವುದು ಬೇಡ, ಓಟ ಜಿಗಿತ ಬೇಡ. "ನಡೀಬಹುದೇನ್ರಿ?" ಎಂದೆ. "ನಡೀಲಿಕ್ಕೇ ಮಾಡಿದ್ದಲ್ಲೇನ್ರಿ" ಎಂದರು. "ಉಳವಿಗೆ?" ಎಂದಾಗ ಮಾತ್ರ ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೇಡವೆನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. ವ್ಯಾಯಾಮ ಕಲಿಸಲು ಬರುತ್ತಿದ್ದ ಹುಡುಗಿ ದಾರಿ ತೋರಿಸಿದಳು. ಕುರ್ಚಿಯಲ್ಲಿ ಕುಳಿತು ಕಾಲನ್ನು ನೆಟ್ಟಗೆ ಚಾಚಿ ಹತ್ತು ಎಣಿಸುವವರೆಗೆ ಹಿಡಿಯಬೇಕು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲು ಹಗುರ. ಕೋಲನ್ನು ನೋಯುವ ಕಾಲಿನ ಕಡೆ ಹಿಡಿಯಬಾರದು, ಆಚೆ ಕಡೆಯ ಕೈಯಲ್ಲಿ ಹಿಡಿಯಬೇಕು. ಅತ್ತೆಯವರು ಇಪ್ಪತ್ತು ವರ್ಷ ನೋವಿನ ಕಡೆಯೇ ಕೋಲು ಹಿಡಿದು ನಡೆದರು. ಹೇಳುವವರು ಇರಲಿಲ್ಲ.

ನಾಲ್ಕು ವರ್ಷ ಕಾದೆ. ಮೊದಲು ಓಣಿ, ಆಮೇಲೆ ಕರ್ನಾಟಕ ಕಾಲೇಜಿನ ಮೈದಾನ, ಆಮೇಲೆ ಕೆಲಗೇರಿ ಕೆರೆ. 2023ರ ಭಾರತ ಹುಣ್ಣಿಮೆಗೆ ಮೈದುನನ ಮಗನ ಚಕ್ಕಡಿಯ ಜೊತೆ ಹೊರಟೆ. ಮಗ ಸಿಟ್ಟಿಗೆದ್ದ. ಸೊಸೆ ಮಾತ್ರ ಏನೂ ಅನ್ನದೆ ನನ್ನ ಚೀಲದಲ್ಲಿ ಮಡಚುವ ಸ್ಟೂಲು ಇಟ್ಟಳು.

ಎಲ್ಲ ದಾರಿ ನಡೆದೆ ಎಂದು ಬರೆದರೆ ಸುಳ್ಳಾಗುತ್ತದೆ. ದಿನಕ್ಕೆ ಏಳೆಂಟು ಕಿಲೋಮೀಟರು, ಬೆಳಗಿನ ತಂಪಿನಲ್ಲಿ. ಉಳಿದದ್ದು ಚಕ್ಕಡಿಯೊಳಗೆ, ಹುಲ್ಲಿನ ಮೇಲೆ. ಹಳಿಯಾಳದಲ್ಲಿ ನಾನು ಚಿಕ್ಕವಳಿದ್ದಾಗ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಮೊಬೈಲು ಹಿಡಿದ ಹುಡುಗರು ನಿಂತಿದ್ದರು, ಎತ್ತಿನ ಫೋಟೋ ತೆಗೆಯಲು. ಚಕ್ಕಡಿಗಳ ನಡುವೆ ಟ್ರ್ಯಾಕ್ಟರುಗಳು ಸೇರಿಕೊಂಡಿವೆ, ಗೆಜ್ಜೆಯ ಸಪ್ಪಳವನ್ನು ನುಂಗುತ್ತವೆ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ವಾಸನೆ ನಮಗಿಂತ ಮೊದಲೇ ಎದುರಾಯಿತು. ಒಂದು ಕಾಲಕ್ಕೆ ಈ ಕಾಡಿನ ಬಿದಿರೆಲ್ಲ ಅಲ್ಲಿ ಕಾಗದವಾಗುತ್ತಿತ್ತು. ನಾನು ಪಾಠ ಹೇಳಿದ ಪುಸ್ತಕಗಳಲ್ಲೂ ಅದರದೊಂದಿಷ್ಟು ಇದ್ದೀತು. ಅದೇ ಬಿದಿರಿನ ಒಂದು ಕೋಲು ನನ್ನ ಕೈಯಲ್ಲಿತ್ತು.

ಪೋಟೋಲಿ ದಾಟಿ ಗುಂದದ ಕಡೆ ನಡೆಯುವಾಗ ಎದುರಿಗೆ ತಲೆಹೊರೆ ಹೊತ್ತ ಗೌಳಿ ಹೆಣ್ಣುಮಕ್ಕಳು ಬಂದರು. ಜಾತ್ರೆಗಲ್ಲ, ಅವರ ದಿನದ ನಡಿಗೆ ಅದು. ಜೋಯಿಡಾದ ಎಷ್ಟೋ ಕುಣಬಿ, ಗೌಳಿ ಹಟ್ಟಿಗಳಿಗೆ ಇಂದಿಗೂ ಬಸ್ಸು ಹಿಡಿಯಬೇಕೆಂದರೆ ಕಾಡು ದಾಟಬೇಕು. ನಮ್ಮ ಪಾದಯಾತ್ರೆಯ ವೈಭವ ಅವರ ಮುಂದೆ ತುಸು ನಾಚಿಕೆಯದಾಗಿ ಕಂಡಿತು.

ಇಳಿಜಾರು ಬಂದಾಗ ಕಲಿಸಿದ ಹಾಗೆ ಓರೆಯಾಗಿ, ಸಣ್ಣ ಹೆಜ್ಜೆ ಇಟ್ಟು ಇಳಿದೆ. ಒಂದು ಕಡೆ ಮಣ್ಣು ಜಾರಿ ಕೋಲು ಕೈಬಿಟ್ಟಿತು. ಎದೆ ಧಸಕ್ಕೆಂದಿತು. ಮೊಣಕಾಲೂರಿ ಬಿದ್ದರೆ ಲೋಹದ ಸುತ್ತಲಿನ ಎಲುಬು ಬಿರುಕು ಬಿಡಬಹುದು ಎಂಬುದನ್ನು ನನಗೆ ಬರೆದೇ ಕೊಟ್ಟಿದ್ದರು. ಹಿಂದಿನಿಂದ ಯಾರೋ ರಟ್ಟೆ ಹಿಡಿದರು. ತಿರುಗಿ ನೋಡಿದರೆ ನನಗಿಂತ ಹಿರಿಯಳು, ಬೈಲಹೊಂಗಲ ಕಡೆಯ ಮಾತು. ಅಲ್ಲಿಂದ ಉಳವಿಯವರೆಗೆ ನಾವಿಬ್ಬರೂ ಕೂಡಿಯೇ ನಡೆದೆವು, ಕೂಡಿಯೇ ನಿಂತೆವು. ಮುಂದಿನವರು ಎರಡು ಸಲ ನಮಗಾಗಿ ಕಾದರು.

ಉಳವಿಯಲ್ಲಿ ದಾಸೋಹದ ಪಂಕ್ತಿ. ಎಲ್ಲರೂ ನೆಲಕ್ಕೆ ಕುಳಿತರು. ನಾನು ಸೊಸೆ ಕೊಟ್ಟ ಸ್ಟೂಲು ತೆಗೆದೆ, ಸಂಕೋಚದಿಂದ ಗೋಡೆಯ ಬದಿಗೆ ಸರಿದೆ. ಆಕೆ ನನ್ನ ಪಕ್ಕದಲ್ಲೇ ಗೋಡೆ ಹಿಡಿದು ಕೂಡಲು ಹವಣಿಸುತ್ತ ಅರ್ಧದಲ್ಲೇ ನಿಂತಳು. ಕಾಲು ಬಾಗಲಿಲ್ಲ.

"ನಿನ್ನ ಮೊಣಕಾಲು ಬದಲಿ ಮಾಡ್ಯಾರಂತ, ಖರೇನ?"

"ಖರೆ."

"ಎಷ್ಟು ವರ್ಷ ಬರ್ತಾವಂತ?"

ನೂರಕ್ಕೆ ಎಂಬತ್ತರಷ್ಟು ಜನರಿಗೆ ಇಪ್ಪತ್ತೈದು ವರ್ಷ ಬಾಳುತ್ತವೆ ಎಂದು 2019ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನ ಹೇಳುತ್ತದೆ. ಅದನ್ನೇ ಹೇಳಿದೆ.

"ಅಷ್ಟು ವರ್ಷ ಯಾರಿಗೆ ಬೇಕಾಗ್ಯಾವ," ಎಂದಳು. ಆಮೇಲೆ ತುಸು ತಡೆದು, "ನೋವು ಎಷ್ಟು ದಿನ ಇರತೈತಿ?" ಎಂದು ಕೇಳಿದಳು.

ನಾನು ಎದ್ದು ಸ್ಟೂಲು ಅವಳಿಗೆ ಕೊಟ್ಟೆ. ಬಡಿಸುವ ಹುಡುಗ ನಮ್ಮಿಬ್ಬರನ್ನೂ ನೋಡಿ, ಒಳಗೆ ಹೋಗಿ ಬರಿದಾದ ಎಣ್ಣೆಯ ಡಬ್ಬಿಯೊಂದನ್ನು ತಂದು ಬೋರಲು ಹಾಕಿದ. ಅದರ ಮೇಲೆ ಕುಳಿತು, ಎಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲ ಆರು ವಾರ ಹೇಗಿರುತ್ತದೆಂದು ಅವಳಿಗೆ ಹೇಳತೊಡಗಿದೆ.